ನಿನ್ನೆ ಹೇಗಿದ್ದರು?

2023ರ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಆರೂಕಾಲಕ್ಕೆ ಬೀದರ ಜಿಲ್ಲೆಯ ಔರಾದಿನಿಂದ ಫೋನು ಬಂತು. ಅವ್ವನ ನಂಬರಲ್ಲ, ಪಕ್ಕದ ಮನೆಯ ಆಪಾ ಅವರದು. ಅಷ್ಟು ಹೊತ್ತಿಗೆ ಅವರು ಎಂದೂ ಮಾಡಿದವರಲ್ಲ. “ಬೇಟೀ, ಅಮ್ಮ ಬಾಗ್ಲ ತೆಗೀವಲ್ರು. ಒಳಗೇ ಅದಾರ, ಮಾತಾಡ್ಲತ್ತಾರ. ಖರೆ ಏನ್ ಮಾತಾಡ್ಲತ್ತಾರ ತಿಳೀವಲ್ದು” ಎಂದರು. ದಿನಾ ಐದಕ್ಕೆ ಎದ್ದು ಚಿಲಕ ತೆಗೆದು, ಅಂಗಳಕ್ಕೆ ನೀರು ಹಾಕಿ, ಆಪಾ ತರುವ ಚಹಾಕ್ಕೆ ಕಾಯುತ್ತ ಕಟ್ಟೆಯ ಮೇಲೆ ಕೂರುವ ಅವ್ವ ಅಂದು ಚಿಲಕವನ್ನೇ ತೆಗೆದಿರಲಿಲ್ಲ.

ಆಪಾ ಕಿಟಕಿಯ ಸರಳಿನ ನಡುವೆ ಫೋನನ್ನು ಒಳಗೆ ಚಾಚಿದರು. “ಅವ್ವಾ, ಯಾಕವ್ವಾ ಬಾಗ್ಲ ಹಾಕ್ಕೊಂಡಿ?” ಎಂದೆ. ದನಿ ಅವ್ವನದೇ, ಆದರೆ ಪಿಸುದನಿ. “ಸದ್ದ ಮಾಡಬ್ಯಾಡ. ರಜಾಕಾರ್ರು ಬಂದಾರ. ಜೋಳದಾಗ ಹಂಗೇ ಕುಂದ್ರು, ದಂಟು ಅಲಗ್ಯಾಡಬಾರ್ದು.” ನಾನು ನನ್ನ ಹೆಸರು ಹೇಳಿದೆ. “ನೀ ಸಣ್ಣಾಕಿ, ನಿಂಗ ತಿಳ್ಯಂಗಿಲ್ಲ” ಎಂದಳು. ಅವಳು ಮಾತಾಡುತ್ತಿದ್ದುದು ನನ್ನ ಜೊತೆಗಲ್ಲ, 75 ವರ್ಷದ ಹಿಂದಿನ ತನ್ನ ತಂಗಿಯ ಜೊತೆಗೆ.

ಅವ್ವ ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿಲ್ಲ. “ಪೊಲೀಸ್ ಆಕ್ಷನ್ ಆದಾಗ ನಾ ಏಳು ವರ್ಷದಾಕಿ” ಎಂಬುದೇ ಅವಳ ಲೆಕ್ಕ. 1948ರ ಸೆಪ್ಟೆಂಬರ್ 13ರಿಂದ ಐದು ದಿನ ನಡೆದ ಆ ಕಾರ್ಯಾಚರಣೆಯಿಂದ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, ಅದರೊಂದಿಗೆ ಬೀದರವೂ ಸೇರಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನಿಜಾಮನ ಪರ ಆಯುಧ ಹಿಡಿದಿದ್ದ ರಜಾಕಾರರ ಭಯಕ್ಕೆ ಜನ ಮನೆ ಬಿಟ್ಟು ಹೊಲ ಸೇರಿದ್ದರು. ಆ ವರ್ಷ ಇದೇ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕೊಲೆಗಳನ್ನು ನಮ್ಮ ಕಡೆ ಇನ್ನೂ ಮರೆತಿಲ್ಲ. ಅವ್ವ ಮಾತ್ರ ಆ ಕಾಲದ ಬಗ್ಗೆ ನಮ್ಮೆದುರು ತನ್ನ ವಯಸ್ಸಿನ ಲೆಕ್ಕದ ಹೊರತು ಬೇರೆ ಮಾತು ಆಡಿದವಳಲ್ಲ. ಅವಳೊಳಗೆ ಆ ಜೋಳದ ಹೊಲ ಹಾಗೇ ನಿಂತಿತ್ತೆಂದು ನನಗೆ ತಿಳಿದದ್ದು ಆ ಬೆಳಿಗ್ಗೆ.

ನಾನು ಬೆಂಗಳೂರಿನಲ್ಲಿದ್ದೆ, ಸುಮಾರು 700 ಕಿಲೋಮೀಟರ್ ದೂರ. ಮೂವತ್ತು ವರ್ಷದಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ ಇಲ್ಲೇ ಇದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆತಂದೆ. ಎರಡು ಸಲ ಬಂದಳು, ಎರಡೂ ಸಲ ತಿಂಗಳೊಳಗೆ ಊರಿಗೆ ಹೊರಟಳು. ಸೋಮವಾರ ಅಮರೇಶ್ವರನ ಗುಡಿಗೆ ಹೋಗದೆ, ಸಂಜೆ ಕಟ್ಟೆಗೆ ಕೂರದೆ ಅವಳಿಗೆ ದಿನ ಸರಿಯುತ್ತಿರಲಿಲ್ಲ. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ದಿನದಿಂದ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನಿಗೆ ಹೆದರುತ್ತ ಬಂದೆ. ಸಾವಿನ ಸುದ್ದಿಗೆ ಮನಸ್ಸನ್ನು ಒಂದಿಷ್ಟು ಗಟ್ಟಿ ಮಾಡಿಕೊಂಡಿದ್ದೆ. ಅವ್ವ ಇದ್ದೂ ನನ್ನ ಗುರುತು ಹಿಡಿಯದ ಸುದ್ದಿಗೆ ಮಾಡಿಕೊಂಡಿರಲಿಲ್ಲ.

ಬೀದರಿನಲ್ಲಿರುವ ಕಾಕಾನ ಮಗನಿಗೆ ಫೋನು ಮಾಡಿದೆ. ಅವನು ಒಳ್ಳೆಯವನು, ನನಗೆ ಸಮಾಧಾನ ಆಗಲೆಂದೇ ಹೇಳಿದ: “ದೊಡ್ಡವ್ವಗ 82 ಆಯ್ತಲ್ಲಕ್ಕಾ. ಅರಳುಮರಳು. ಇನ್ನ ಹಿಂಗೇ.” ಭಾಲ್ಕಿಯ ಅಕ್ಕನಿಗೆ ಈ ಮಾತು ತಿಳಿಸಿದೆ. “ಇಲ್ಲ. ಆ ಮಾತು ನಾ ಒಮ್ಮಿ ಆಡೀನಿ. ಇನ್ನೊಮ್ಮಿ ಆಡಂಗಿಲ್ಲ” ಎಂದವಳೇ ಗಾಡಿ ಮಾಡಿಕೊಂಡು ಔರಾದಿಗೆ ಹೊರಟಳು.

ಅಕ್ಕ ಆ ಮಾತು ಆಡಿದ್ದು ಎಂಟು ವರ್ಷದ ಹಿಂದೆ, ತನ್ನ ಅತ್ತೆಯ ಬಗ್ಗೆ. ಆ ಹಿರಿಯಾಕೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಪೆಟ್ಟು ದೊಡ್ಡದೆನಿಸಲಿಲ್ಲ, ಅರಿಸಿನ ಹಚ್ಚಿ ಮರೆತರು. ಮೂರು ವಾರ ಕಳೆದ ಮೇಲೆ ಅವರ ಮಾತು ಕಡಿಮೆಯಾಯಿತು. ತುತ್ತು ಕೈಯಲ್ಲಿ ಹಿಡಿದು ತೂಕಡಿಸುವರು, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುವರು. ಯಾರಿಗೂ ತೊಂದರೆ ಕೊಡಲಿಲ್ಲ, ಕೂಗಲಿಲ್ಲ, ಅಳಲಿಲ್ಲ. “ವಯಸ್ಸಾಯ್ತು, ಶಾಂತ ಆಗ್ಯಾರ” ಎಂದು ಅಕ್ಕ ಬಂದವರಿಗೆಲ್ಲ ಹೇಳಿದಳು. ಕೊನೆಗೆ ಬೀದರಿನಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದಾಗ ಬುರುಡೆಯ ಒಳಗೆ ಮಿದುಳಿನ ಮೇಲೆ ರಕ್ತ ಕಟ್ಟಿದ್ದು ಕಂಡಿತು. ಬೇಗ ತಿಳಿದಿದ್ದರೆ ಅದನ್ನು ತೆಗೆಯಬಹುದಿತ್ತು. ಅಷ್ಟರಲ್ಲಿ ತಡವಾಗಿತ್ತು. ಅಕ್ಕ ಆ ದುಃಖವನ್ನು ಇಳಿಸಿಟ್ಟವಳಲ್ಲ.

ನಮ್ಮ ಭಾಷೆಗೆ ಇವೆರಡರ ಭೇದ ಮೊದಲಿನಿಂದ ಗೊತ್ತಿತ್ತು. ವರ್ಷಗಟ್ಟಲೆ ಮೆಲ್ಲಗೆ ಆವರಿಸುವ ಮರೆವಿಗೆ ಅರಳುಮರಳು ಎಂಬ ಮಾತಿದೆ. ಒಂದು ದಿನದಲ್ಲಿ, ಒಂದು ರಾತ್ರಿಯಲ್ಲಿ ಬುದ್ಧಿ ಕದಡುವುದಕ್ಕೆ ಸನ್ನಿ ಎಂಬ ಬೇರೆ ಮಾತೇ ಇದೆ. ಸನ್ನಿ ಎಂದರೆ ಸನ್ನಿಪಾತ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿದ ಸ್ಥಿತಿಯೆಂದು ಆಯುರ್ವೇದ ಅದನ್ನು ವಿವರಿಸಿತು. ಆ ವಿವರಣೆಯನ್ನು ಇಂದಿನ ವೈದ್ಯಶಾಸ್ತ್ರ ಒಪ್ಪದಿರಬಹುದು, ಆದರೆ ನೋಟ ಸರಿಯಾಗಿತ್ತು: ಇದು ಮೈಯಲ್ಲಿ ಎಲ್ಲೋ ಎದ್ದ ಬೆಂಕಿ, ತಲೆಯಲ್ಲಿ ಕಾಣುತ್ತಿರುವುದು ಅದರ ಹೊಗೆ. ಜ್ವರದಲ್ಲಿ ಕೂಸು ಬಡಬಡಿಸಿದರೆ ನಮ್ಮ ಅಜ್ಜಿ “ಸನ್ನಿ ಆಗ್ಯದ” ಎಂದು ಓಡಿ ಹೋಗುತ್ತಿದ್ದಳು. ಅರಳುಮರಳು ಸಹಿಸಬೇಕಾದದ್ದು, ಸನ್ನಿ ಓಡಬೇಕಾದದ್ದು. ಈಗ ಸನ್ನಿ ಎಂಬುದು ಬೈಗುಳದಲ್ಲಷ್ಟೇ ಉಳಿದಿದೆ. ಮುದುಕರ ಎಲ್ಲ ತಳಮಳಕ್ಕೂ ಅರಳುಮರಳು ಎಂಬ ಒಂದೇ ಮಾತು ಸಾಕಾಗುತ್ತಿದೆ. ಮಾತಿನ ಜೊತೆಗೆ ಆ ಓಟವನ್ನೂ ನಾವು ಮರೆತೆವು.

ಆಪಾ ಅವರ ಮಗ ಮಾಳಿಗೆ ಹತ್ತಿ ಒಳ ಅಂಗಳಕ್ಕಿಳಿದು ಚಿಲಕ ತೆಗೆದ. ಒಳಗೆ ಬಂದ ಆಪಾ ಅವರನ್ನು ಕಂಡು ಅವ್ವ ಚೀರಿದಳು. ಮೂವತ್ತು ವರ್ಷ ದಿನಾ ತನಗೆ ಚಹಾ ತಂದುಕೊಟ್ಟ ಹೆಂಗಸಿಗೆ, ಅವರ ಜಾತಿ ಧರ್ಮ ಹಿಡಿದು, ಆಡಬಾರದ ಮಾತುಗಳನ್ನು ಆಡಿದಳು. ಕೈಗೆ ಸಿಕ್ಕ ತಂಬಿಗೆ ಬೀಸಿ ಒಗೆದಳು. ಅದು ಆಪಾ ಅವರ ಹುಬ್ಬಿಗೆ ಬಿತ್ತು. ಅವರು ಸೆರಗಿನ ತುದಿಯಿಂದ ರಕ್ತ ಒತ್ತಿಕೊಂಡೇ, ಅಕ್ಕ ಬಂದ ಮೇಲೆ ಗಾಡಿಯಲ್ಲಿ ಅವ್ವನ ಪಕ್ಕ ಕೂತು ಬೀದರಿಗೆ ಬಂದರು.

ಬೀದರಿನ ಆಸ್ಪತ್ರೆಯಲ್ಲಿ ಅವ್ವನನ್ನು ನೋಡಿದ ವೈದ್ಯೆಗೆ ಮೂವತ್ತರ ಆಸುಪಾಸು. ವಯಸ್ಸು ಕೇಳಿ ಬರೆದುಕೊಂಡರು. ಆಮೇಲೆ ಕೇಳಿದ ಪ್ರಶ್ನೆ: “ನಿನ್ನೆ ಹೇಗಿದ್ದರು?”

ಅಕ್ಕ ತಡವರಿಸಿದಳು. “ನಾ ಭಾಲ್ಕ್ಯಾಗ ಇರ್ತೀನ್ರಿ.” ನನ್ನನ್ನು ಕೇಳಿದ್ದರೆ ನನ್ನ ಬಳಿಯೂ ಉತ್ತರವಿರಲಿಲ್ಲ. ಐತವಾರ ಫೋನಿನಲ್ಲಿ “ಆರಾಮ ಅದೀನಿ” ಎಂದಿದ್ದಳು, ಅಷ್ಟಕ್ಕೇ ತೃಪ್ತಿಪಟ್ಟು ಇಟ್ಟಿದ್ದೆ. ಉತ್ತರ ಹೇಳಿದವರು ಬಾಗಿಲ ಬಳಿ ನಿಂತಿದ್ದ ಆಪಾ. “ಮಂಗಳವಾರ ಸಂಜಿತನ ನೆಟ್ಟಗಿದ್ರು. ಬೆಳ್ಳುಳ್ಳಿ ಸುಲಿದ್ರು, ನನ್ನ ಮೊಮ್ಮಗಗ ಮಗ್ಗಿ ಹೇಳಿಕೊಟ್ರು. ಸೋಮವಾರದಿಂದ ಹೊಟ್ಟಿ ಕೆಟ್ಟಿತ್ತು, ಊಟ ಇಲ್ಲ. ನಾನೇ ನೀರ ಕುಡೀರಿ, ನೀರ ಕುಡೀರಿ ಅಂದೆ. ಬುಧವಾರ ಸಂಜಿಗಿ ನನ್ನ ಹೆಸರು ತಪ್ಪಿ ಕರೆದ್ರು. ರಾತ್ರಿ ಪೂರಾ ನಿದ್ದಿ ಇಲ್ಲ, ಗೋಡಿ ಕೂಡ ಮಾತು. ಯುಗಾದಿ ಆದಮ್ಯಾಲ ಬಿಪಿ ಗುಳಿಗಿ ಬದ್ಲಿ ಮಾಡ್ಯಾರ.” ವೈದ್ಯೆ ಪ್ರತಿ ಮಾತನ್ನೂ ಬರೆದುಕೊಂಡರು.

ಆಮೇಲೆ ಅವ್ವನಿಗೆ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಲು ಹೇಳಿದರು. “ಐತವಾರ, ಶನಿವಾರ... ಶನಿವಾರ ಸಂತಿ. ಸಂತಿಗಿ ಹೋಗಬ್ಯಾಡ್ರಿ” ಎಂದು ಅವ್ವ ಮತ್ತೆ ಆ ಭಯದೊಳಗೆ ಹೋದಳು. ಇದು ನೆನಪಿನ ಪರೀಕ್ಷೆಯಲ್ಲ, ಗಮನದ ಪರೀಕ್ಷೆ ಎಂದು ವೈದ್ಯೆ ಅಕ್ಕನಿಗೆ ತಿಳಿಸಿದರು. ಅಮೆರಿಕದ ಶರಾನ್ ಇನೋಯೆ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು 1990ರಲ್ಲಿ ರೂಪಿಸಿದ ಗುರುತುಗಳನ್ನು ಈಗ ಲೋಕದೆಲ್ಲೆಡೆ ಬಳಸುತ್ತಾರೆ. ಬದಲಾವಣೆ ಥಟ್ಟನೆ ಬಂದಿದೆಯೆ, ಹೊತ್ತಿಗೊಂದು ಥರ ಏರಿಳಿಯುತ್ತಿದೆಯೆ? ಗಮನ ಒಂದೆಡೆ ನಿಲ್ಲುತ್ತಿದೆಯೆ? ಮಾತು ಅಡ್ಡಾದಿಡ್ಡಿ ಹೋಗುತ್ತಿದೆಯೆ? ಎಚ್ಚರ ಎಂದಿನಂತಿದೆಯೆ, ಅತಿಯಾಗಿದೆಯೆ, ಮಂಪರಾಗಿದೆಯೆ? ಈ ನಾಲ್ಕರಲ್ಲಿ ಮೊದಲನೆಯದಕ್ಕೆ ರೋಗಿಯ ಮೈಯಲ್ಲಿ ಉತ್ತರ ಸಿಗುವುದಿಲ್ಲ. ನಿನ್ನೆ ಕಂಡವರೇ ಹೇಳಬೇಕು.

ರಕ್ತದ ವರದಿ ಬಂತು. ಸೋಡಿಯಂ 135ರಿಂದ 145ರ ನಡುವೆ ಇರಬೇಕಾದದ್ದು 116ಕ್ಕೆ ಇಳಿದಿತ್ತು. ಹೊಸ ಬಿಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿತ್ತು. ಅದು ನೀರಿನ ಜೊತೆ ಉಪ್ಪನ್ನೂ ಹೊರಗೆ ಹಾಕುತ್ತದೆ, ಮುಪ್ಪಿನಲ್ಲಿ ಹೆಚ್ಚಾಗಿಯೇ. ಉಪ್ಪು ಕಡಿಮೆ ಮಾಡಿರೆಂಬ ಮಾತನ್ನು ವ್ರತದಂತೆ ಪಾಲಿಸಿ ಅವ್ವ ಸಾರಿಗೂ ಉಪ್ಪು ಹಾಕುತ್ತಿರಲಿಲ್ಲ. ಮೇಲೆ ಬೇಸಿಗೆಯ ಬೆವರು, ಎರಡು ದಿನದ ಭೇದಿ, ಊಟವಿಲ್ಲದೆ ರಂಜಣಗಿಯ ಬರೀ ನೀರು. ರಕ್ತ ತೆಳುವಾಯಿತು, ಮಿದುಳಿನ ಜೀವಕೋಶಗಳು ನೀರು ಹೀರಿ ಊದಿಕೊಂಡವು. ಇದನ್ನು ಕೇಳಿ ಆಪಾ, ನೀರು ಕುಡಿಸಿದ್ದು ನಾನೇ ಎಂದು ಅತ್ತರು. ನೀರು ಹೇಳಿದ್ದು ತಪ್ಪಲ್ಲ, ಅದರಲ್ಲಿ ಉಪ್ಪು ಸಕ್ಕರೆ ಬೇಕಿತ್ತು ಅಷ್ಟೆ ಎಂದು ವೈದ್ಯೆ ಅವರ ಹುಬ್ಬಿಗೆ ತಾವೇ ಔಷಧ ಹಚ್ಚಿ ಕಳಿಸಿದರು.

ಮುದುಕರಲ್ಲಿ ಹೀಗೆ ಬುದ್ಧಿ ಕದಡಲು ಕಾರಣ ಬಹಳ ಸಲ ತಲೆಯಿಂದ ದೂರದಲ್ಲಿರುತ್ತದೆ. ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು, ಮಲಬದ್ಧತೆ, ಕಟ್ಟಿಕೊಂಡ ಮೂತ್ರ, ಇಳಿದ ಸಕ್ಕರೆ, ನಿದ್ದೆಯ ಗುಳಿಗೆ, ಶೀತಕ್ಕೆ ಅಂಗಡಿಯಿಂದ ತಂದ ಗುಳಿಗೆ, ಹೇಳದೆ ಇಟ್ಟುಕೊಂಡ ನೋವು. ಜ್ವರವಿಲ್ಲದೆಯೂ ಸೋಂಕು ಇರಬಹುದು. ಅವ್ವನಂತೆ ಕೂಗಾಡುವವರನ್ನು ಜನ ಆಸ್ಪತ್ರೆಗೆ ಒಯ್ಯುತ್ತಾರೆ. ಅಕ್ಕನ ಅತ್ತೆಯಂತೆ ಸದ್ದಿಲ್ಲದೆ ಮಂಕಾಗುವವರನ್ನು ಮಲಗಲು ಬಿಡುತ್ತಾರೆ.

ನಾನು ರಾತ್ರಿ ಬಸ್ಸಿನಲ್ಲಿ ಹೊರಟು ಮರುದಿನ ಬೆಳಿಗ್ಗೆ ಬೀದರ ತಲುಪಿದೆ. ಅವ್ವ ನನ್ನತ್ತ ನೋಡಿದಳು, ನನ್ನ ಹಿಂದಿನ ಗೋಡೆಯನ್ನೂ ಅದೇ ನೋಟದಿಂದ ನೋಡಿದಳು. ಅವಳ ಬಲಗೈ ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ಹೆಕ್ಕುತ್ತಿದ್ದವು. ಸ್ವಲ್ಪ ಹೊತ್ತು ನೋಡಿದ ಮೇಲೆ ತಿಳಿಯಿತು, ಅವಳು ತೊಗರಿಬೇಳೆಯಲ್ಲಿ ಹಳ್ಳು ಆರಿಸುತ್ತಿದ್ದಳು. ಹೆಕ್ಕಿದ್ದನ್ನು ಮಂಚದ ಅಂಚಿನಿಂದ ಕೆಳಗೆ ಹಾಕುತ್ತಿದ್ದಳು. ಬುದ್ಧಿ ಕದಡಿದವರು ಹೀಗೆ ಬಟ್ಟೆ ಹೆಕ್ಕುವುದು ವೈದ್ಯರಿಗೆ ಬಹಳ ಹಳೆಯ ಕಾಲದಿಂದ ಗೊತ್ತಿರುವ ಲಕ್ಷಣ. ನನಗೆ ಅದು ನಮ್ಮ ಅಡುಗೆಮನೆ.

ಅಲ್ಲಿ ಕೂತಾಗ ನನ್ನನ್ನು ಹಿಡಿದ ಪ್ರಶ್ನೆ ವೈದ್ಯರಿಗೆ ಕೇಳುವಂಥದಲ್ಲ. ನಾನು ಅರಿವನ್ನೇ ಗುರುವೆಂದು ನಂಬಿದ ಮನೆತನದವಳು. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕೂಡಿ ಚರ್ಚಿಸಿದ್ದು ಅರಿವಿನ ಬಗ್ಗೆ. ಅಲ್ಲಮನ ವಚನಗಳಲ್ಲಿ ಅರಿವು ಮತ್ತು ಮರವೆ ಮತ್ತೆ ಮತ್ತೆ ಜೊತೆಯಾಗಿ ಬರುತ್ತವೆ. ಆ ಅರಿವು ರಕ್ತದಲ್ಲಿ ಉಪ್ಪು ಇಳಿದರೆ ಆರಿಹೋಗುವುದಾದರೆ, ನಾವು ಗುರುವೆಂದು ಕರೆದದ್ದು ಏನನ್ನು? ಒಂದು ಗುಳಿಗೆ ಅಳಿಸಬಹುದಾದ್ದನ್ನು ಆತ್ಮವೆಂದು ಕರೆಯಬಹುದೆ?

ಈ ಪ್ರಶ್ನೆ ಹೊಸದಲ್ಲ ಎಂದು ನನಗೆ ಹೊಳೆದದ್ದು ಛಾಂದೋಗ್ಯ ಉಪನಿಷತ್ತು ನೆನಪಾದಾಗ. ಅದರ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ 15 ದಿನ ಊಟ ಬಿಡಲು ಹೇಳುತ್ತಾನೆ, ನೀರು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾನೆ. ಅವಧಿ ಮುಗಿದ ಮೇಲೆ ವೇದ ಹೇಳು ಎಂದರೆ ಹುಡುಗನಿಗೆ ಒಂದೂ ನೆನಪಾಗುವುದಿಲ್ಲ. ಹನ್ನೆರಡು ವರ್ಷ ಕಲಿತದ್ದೆಲ್ಲ ಎಲ್ಲೋ ಹೋಗಿರುತ್ತದೆ. ತಂದೆ ಬೈಯುವುದಿಲ್ಲ. ದೊಡ್ಡ ಬೆಂಕಿಯಲ್ಲಿ ಮಿಂಚುಹುಳದಷ್ಟು ಕೆಂಡ ಉಳಿದಿದ್ದರೆ ಅದು ಹೆಚ್ಚೇನನ್ನೂ ಸುಡಲಾರದು, ಹುಲ್ಲು ಹಾಕಿದರೆ ಮತ್ತೆ ಉರಿಯುತ್ತದೆ ಎಂದು ವಿವರಿಸಿ ಊಟಕ್ಕೆ ಕಳಿಸುತ್ತಾನೆ. ಉಂಡು ಬಂದ ಹುಡುಗನಿಗೆ ಕೇಳಿದ್ದೆಲ್ಲ ನೆನಪಾಗುತ್ತದೆ. ಮನಸ್ಸು ಅನ್ನದಿಂದ ಆದದ್ದು ಎಂದು ಉದ್ದಾಲಕ ಹೀಗೆ ಮನಗಾಣಿಸುತ್ತಾನೆ. ಅದೇ ಅಧ್ಯಾಯದಲ್ಲಿ ಮುಂದೆ ಉಪ್ಪು ಬರುತ್ತದೆ. ನೀರಿಗೆ ಹಾಕಿದ ಉಪ್ಪು ಬೆಳಗಾಗುವಷ್ಟರಲ್ಲಿ ಕಾಣೆಯಾಗಿರುತ್ತದೆ, ಆದರೆ ಮೇಲೆ, ನಡುವೆ, ತಳದಲ್ಲಿ ಎಲ್ಲಿ ರುಚಿ ನೋಡಿದರೂ ಇರುತ್ತದೆ. ಕಾಣದ ಸತ್ಯವೂ ಹೀಗೆ ಎಲ್ಲೆಡೆ ಬೆರೆತಿದೆ, ಅದೇ ನೀನು ಎನ್ನುತ್ತಾನೆ.

ಶಾಲೆಯಲ್ಲಿ ಓದಿದಾಗ ಇವು ನನಗೆ ಎರಡು ಬೇರೆ ಪಾಠಗಳಾಗಿದ್ದವು. ಬೀದರಿನ ಆ ವಾರ್ಡಿನಲ್ಲಿ, ಅವ್ವನ ಕೈಗೆ ಹನಿಹನಿಯಾಗಿ ಇಳಿಯುತ್ತಿದ್ದ ಉಪ್ಪುನೀರನ್ನು ನೋಡುತ್ತ, ಅವೆರಡೂ ಒಂದೇ ಪಾಠವೆನಿಸಿತು. ಮನಸ್ಸು ಅನ್ನವನ್ನು ಆಶ್ರಯಿಸಿದೆ ಎಂದು ಒಪ್ಪಿದ ಉಪನಿಷತ್ತೇ ಆತ್ಮದ ಮಾತನ್ನೂ ಆಡುತ್ತದೆ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಲಿಲ್ಲ. ನಾವು ಬುದ್ಧಿಯನ್ನೂ ಅರಿವನ್ನೂ ಒಂದೇ ಮಾಡಿಕೊಂಡು, ಬುದ್ಧಿ ಕದಡಿದಾಗ ಮನುಷ್ಯನೇ ಹೋದನೆಂದು ಕೈಬಿಡುತ್ತೇವೆ. ಮಿಂಚುಹುಳದಷ್ಟು ಕೆಂಡ ಉಳಿದಿದೆ ಎಂದು ನಂಬುವವನು ಮಾಡುವ ಮೊದಲ ಕೆಲಸ ಹುಲ್ಲು ತರುವುದು. ಕಲ್ಲಿನ ಗುಡಿಗಿಂತ ಮೈಯನ್ನೇ ಗುಡಿಯೆಂದು ಕಂಡ ಶರಣರ ಮಾತಿಗೂ ಇದೇ ಅರ್ಥ ಎಂದು ನನಗೀಗ ಅನಿಸುತ್ತದೆ. ಹಾಗಿದ್ದರೆ ಸೋಡಿಯಂ ಪರೀಕ್ಷೆ, ಮೂತ್ರ ಪರೀಕ್ಷೆ, ಗುಳಿಗೆಯ ಪಟ್ಟಿ ನೋಡುವುದು, ಇವು ಪೂಜೆಯ ಹೊರಗಿನ ಕೆಲಸಗಳಲ್ಲ. “ವಯಸ್ಸಾಯ್ತು” ಎಂದು ಸುಮ್ಮನಾಗುವುದು ಗುಡಿಯ ದೀಪ ಆರುತ್ತಿರುವಾಗ ಎಣ್ಣೆ ನೋಡದೆ ಕೈಮುಗಿದು ಕೂರುವುದು.

ಇಳಿದ ಸೋಡಿಯಂ ಬೇಗ ಏರಿಸುವಂತಿಲ್ಲ. ಒಂದು ದಿನಕ್ಕೆ 8ರಿಂದ 10ರಷ್ಟು ಮಾತ್ರ ಏರಬೇಕು, ಅವಸರ ಮಾಡಿದರೆ ಮಿದುಳಿಗೇ ಪೆಟ್ಟು. ಹಾಗಾಗಿ ಕಾದೆವು. ಅವಳ ಕನ್ನಡಕ ತರಿಸಿ ಹಾಕಿದೆವು, ಗಡಿಯಾರ ಕಾಣುವಂತೆ ಇಟ್ಟೆವು, ಹಗಲು ಕಿಟಕಿ ತೆರೆದೆವು, ರಾತ್ರಿ ಒಬ್ಬರು ಪಕ್ಕದಲ್ಲೇ ಕೂತು “ಇದು ಬೀದರ ದವಾಖಾನಿ, ನಾ ನಿನ್ನ ಮಗಳು” ಎಂದು ಹೇಳುತ್ತಿದ್ದೆವು. ವಾದ ಮಾಡಬೇಡಿ ಎಂದಿದ್ದರು ನರ್ಸಮ್ಮ. ರಜಾಕಾರರು ಬಂದರು ಎಂದರೆ, ಬಾಗಿಲು ಭದ್ರ ಅದ ಅವ್ವಾ ಎನ್ನುತ್ತಿದ್ದೆ.

ಮೂರನೆಯ ದಿನ ನಸುಕಿನಲ್ಲಿ ಅವ್ವ ಎಡಗೈಯನ್ನು ಎದೆಯ ಎತ್ತರಕ್ಕೆ ತಂದು ಅಂಗೈ ತೆರೆದಳು. ಖಾಲಿ ಅಂಗೈ. ದಾಖಲು ಮಾಡುವಾಗ ಕರಡಿಗೆಯನ್ನು ತೆಗೆದು ಅಕ್ಕನ ಕೈಗೆ ಕೊಟ್ಟಿದ್ದರು. ಅಕ್ಕ ಚೀಲದಿಂದ ಲಿಂಗ ತೆಗೆದು ಆ ಅಂಗೈಯಲ್ಲಿಟ್ಟಳು. ಅವ್ವನ ಬಾಯಿ ಇನ್ನೂ ಜೋಳದ ಹೊಲದ ಮಾತನ್ನೇ ಆಡುತ್ತಿತ್ತು. ಕಣ್ಣು ಮಾತ್ರ ಅಂಗೈಯಲ್ಲಿ ನೆಟ್ಟಿತು, ಬಲಗೈ ಬೆರಳುಗಳು ಹಳ್ಳು ಹೆಕ್ಕುವುದನ್ನು ಬಿಟ್ಟು ವಿಭೂತಿ ಹಿಡಿದಂತೆ ಮೂರೂ ಜೋಡಿಯಾದವು.

ಅಕ್ಕನ ಮಾವ ಹೇಳುತ್ತಿದ್ದ ಸಂಗತಿ ನೆನಪಾಯಿತು. ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮಕ್ಕಳಿಗೆ ಕನ್ನಡ ಕಲಿಸಲು ಒಂದು ದಾರಿ ಕಂಡುಕೊಂಡಿದ್ದರು. ಶಾಲೆಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ನೂರು ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಆ ಸ್ವಾಮಿಗಳನ್ನು ನಮ್ಮ ಕಡೆಯ ಮನೆಮನೆಯಲ್ಲೂ ನೆನೆಯುತ್ತಾರೆ. ಹೊರಗಿನ ಬೋರ್ಡು ಓದಿ ಹೋದವರಿಗೆ ಒಳಗಿನ ಪಾಠ ಗೊತ್ತಾಗುತ್ತಿರಲಿಲ್ಲ. ಮೂರು ದಿನದಿಂದ ನಾನು ಅವ್ವನ ಬೋರ್ಡನ್ನಷ್ಟೇ ಓದುತ್ತಿದ್ದೆ.

ಆದರೂ ಒಂದು ಭಯ ಉಳಿಯಿತು. ಅವ್ವ ಈ ಸ್ಥಿತಿಯಲ್ಲೇ ಹೋಗಿಬಿಟ್ಟರೆ? ಕೊನೆಗಳಿಗೆಯಲ್ಲಿ ಯಾವುದು ನೆನಪಿನಲ್ಲಿರುತ್ತದೋ ಅದನ್ನೇ ಜೀವ ಸೇರುತ್ತದೆಂಬ ಮಾತು ಗೀತೆಯ ಎಂಟನೆಯ ಅಧ್ಯಾಯದಲ್ಲಿದೆ. ನಮ್ಮಲ್ಲೂ ಶಿವನ ಹೆಸರು ಹೇಳುತ್ತ ಹೋಗಲಿ ಎಂದೇ ಹಿರಿಯರು ಹಾರೈಸುತ್ತಾರೆ. ಜೀವಮಾನವಿಡೀ ಪೂಜೆ ಮಾಡಿದವಳು ರಜಾಕಾರರ ಭಯದಲ್ಲಿ, ಬೈಗುಳದಲ್ಲಿ ಮುಗಿಯುವುದಾದರೆ ಆ ಪೂಜೆಯೆಲ್ಲ ಎಲ್ಲಿ ಹೋಯಿತು? ಎಲ್ಲರ ಅವ್ವಂದಿರೂ ಮರಳುವುದಿಲ್ಲ. ಸನ್ನಿ ಇಳಿದ ಮೇಲೆ ಅದರ ಅಡಿಯಲ್ಲಿದ್ದ ಅರಳುಮರಳು ಕಾಣಿಸಿಕೊಳ್ಳುವುದುಂಟು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಮರೆವಿನ ಕಾಯಿಲೆಯಲ್ಲಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರೆಲ್ಲರ ಕೊನೆಗಳಿಗೆಯನ್ನು ನೆನಪಿನ ಮೇಲೆ ಅಳೆಯುವುದೆ?

ಇದಕ್ಕೆ ಉತ್ತರವೂ ಆ ಅಂಗೈಯಲ್ಲೇ ಇತ್ತು. ನಮ್ಮಲ್ಲಿ ಲಿಂಗವನ್ನು ಕಟ್ಟುವುದು ಕೂಸಿಗೆ. ಕೂಸು ಒಂದು ಅಕ್ಷರ ಅರಿಯದು, ತನ್ನ ಹೆಸರನ್ನೂ ಅರಿಯದು. ತೊಟ್ಟಿಲಿಗೆ ಬರುವ ಮುಂಚೆಯೇ, ತಾಯಿಯ ಬಸಿರಿನಲ್ಲಿರುವಾಗಲೇ ಅದಕ್ಕೆ ಸಂಸ್ಕಾರ ಕೊಡುವ ರೂಢಿಯಿದೆ. ಅವ್ವನ ಮತ್ತು ಅವಳ ದೇವರ ಸಂಬಂಧ ಶುರುವಾದದ್ದು ಅವಳಿಗೆ ಏನೂ ತಿಳಿಯದ ಕಾಲದಲ್ಲಿ, ಬೇರೆಯವರ ಕೈಯಿಂದ. ತಿಳಿವಳಿಕೆ ಬರುವ ಮುಂಚೆ ಕಟ್ಟಿದ್ದು ತಿಳಿವಳಿಕೆ ಹೋದೊಡನೆ ಹರಿಯಲಾರದು. ಅವಳಿಗೆ ತನ್ನನ್ನು ನೆನಪಿಟ್ಟುಕೊಳ್ಳಲು ಆಗದ ಹೊತ್ತಿನಲ್ಲಿ, ಕೂಸಿಗೆ ಮಾಡಿದಂತೆ, ಸುತ್ತಲಿನವರು ನೆನಪಿಟ್ಟುಕೊಳ್ಳಬೇಕು. ಅಕ್ಕ ಖಾಲಿ ಅಂಗೈಯಲ್ಲಿ ಲಿಂಗವಿಟ್ಟಳಲ್ಲ, ಅದು ಅಷ್ಟೇ ಕೆಲಸ.

ತಂಬಿಗೆಯ ವಿಷಯ ಉಳಿಯಿತು. ಆರನೆಯ ದಿನ ಆಪಾ ಅವ್ವನನ್ನು ನೋಡಲು ಬಂದಾಗ ಹೊರಗೆ ನಿಲ್ಲಿಸಿ ಕೈ ಹಿಡಿದು ಕ್ಷಮೆ ಕೇಳಿದೆ. ಅವ್ವನ ಒಳಗೆ ಆ ಮಾತುಗಳು ಇದ್ದವೆ, ಮೂವತ್ತು ವರ್ಷದ ಚಹಾ ಬರೀ ಮೇಲಿನ ಪದರವೆ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಆಪಾ ಹೇಳಿದರು: “ಹೋಶ್ ಇಲ್ದೋರ ಲೆಕ್ಕ ಮ್ಯಾಲೂ ಬರ್ಯಂಗಿಲ್ಲ ಬೇಟೀ. ನಾ ಯಾಕ ಬರ್ಕೊಳ್ಳಲಿ?” ಎಚ್ಚರಾಗುವ ತನಕ ಮಲಗಿದವನ, ಬೆಳೆಯುವ ತನಕ ಮಗುವಿನ, ಬುದ್ಧಿ ಮರಳುವ ತನಕ ಬುದ್ಧಿ ತಪ್ಪಿದವನ ಲೆಕ್ಕ ಬರೆಯದೆ ಲೇಖನಿಯನ್ನು ಎತ್ತಿಡಲಾಗುತ್ತದೆ ಎಂಬ ಪ್ರವಾದಿಯವರ ಮಾತು ಅವರಿಗೆ ಗೊತ್ತಿತ್ತು. ಆಮೇಲೆ ತಡೆದು ಅಂದರು: “ಏಳು ವರ್ಷದ ಹುಡುಗಿ, ಅಂಜಿದ್ಳು. ಅಷ್ಟೇ.” ಅವ್ವನೊಳಗೆ ದ್ವೇಷವಿತ್ತೆ ಎಂದು ನಾನು ಹುಡುಕುತ್ತಿದ್ದಾಗ ಅವರು ಅಲ್ಲಿ ಒಂದು ಮಗುವನ್ನು ಕಂಡಿದ್ದರು. ಆ ಮಾತುಗಳು ಭಯದವು. ಚಹಾ ಅವ್ವ ಬುದ್ಧಿ ನೆಟ್ಟಗಿದ್ದಾಗ, ದಿನಾ, ಬೇಕೆಂದು ಮಾಡಿಕೊಂಡ ಬದುಕು.

ಎಂಟನೆಯ ದಿನ ಅವ್ವ ವಾರದ ಏಳೂ ಹೆಸರುಗಳನ್ನು ಹಿಂದಿನಿಂದ ಹೇಳಿದಳು. ನನ್ನನ್ನು ನೋಡಿ “ನೀ ಯಾವಾಗ ಬಂದಿ? ಸಾಲಿ ಸೂಟಿ ಅದಾ?” ಎಂದಳು. ಆ ವಾರದ ಒಂದು ಗಳಿಗೆಯೂ ಅವಳಿಗೆ ನೆನಪಿಲ್ಲ. ಆಡಿದ ಮಾತು ಹೇಳಬೇಡಿ ಎಂದು ಆಪಾ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು.

ಈಗ ನಾನು ಐತವಾರದ ಫೋನು ಬಿಟ್ಟಿದ್ದೇನೆ. ದಿನಾ ಸಂಜೆ ಏಳಕ್ಕೆ ಮಾಡುತ್ತೇನೆ, ಐದು ನಿಮಿಷ ಸಾಕು. ಆರಾಮ ಇದ್ದೀಯಾ ಎಂದು ಕೇಳುವುದಿಲ್ಲ, ಅದಕ್ಕೆ ಅವಳ ಉತ್ತರ ಒಂದೇ. ಏನು ಅಡುಗೆ ಮಾಡಿದೆ, ಯಾರು ಬಂದಿದ್ದರು, ಗುಡಿಯಲ್ಲಿ ಯಾರು ಸಿಕ್ಕರು, ನಿನ್ನೆ ಹೇಳಿದ ಆ ಕರುವಿನ ಕಾಲು ವಾಸಿಯಾಯಿತೆ ಎಂದು ಕೇಳುತ್ತೇನೆ. ಮಾತು ಎಲ್ಲಿ ಜಾರಿತೋ ಅಲ್ಲಿ ನನಗೆ ಗೊತ್ತಾಗಬೇಕು. ಗೂಡಿನ ಪಕ್ಕ ಗೋಡೆಗೆ ಗುಳಿಗೆಗಳ ಪಟ್ಟಿ, ಅದರ ಕೆಳಗೆ ನನ್ನದು, ಅಕ್ಕನದು, 108 ಮತ್ತು ಹಿರಿಯರ ಸಹಾಯವಾಣಿ 14567 ಎಂಬ ನಂಬರುಗಳನ್ನು ದೊಡ್ಡ ಅಂಕಿಯಲ್ಲಿ ಬರೆದು ಅಂಟಿಸಿದ್ದೇನೆ. ಹೊಸ ಗುಳಿಗೆ ಬಂದರೆ ಎರಡು ವಾರದೊಳಗೆ ಅಕ್ಕ ರಕ್ತ ಪರೀಕ್ಷೆ ಮಾಡಿಸುತ್ತಾಳೆ. ಆಪಾ ಅವರಿಗೆ ಏನಾದರೂ ಬೇರೆ ಅನಿಸಿದರೆ ಹೊತ್ತು ನೋಡದೆ ಫೋನು ಮಾಡುತ್ತಾರೆ. ಹೊತ್ತಲ್ಲದ ಹೊತ್ತಿನ ಫೋನಿಗೆ ನಾನು ಈಗ ಹೆದರುವುದಿಲ್ಲ ಎಂದಲ್ಲ. ಅದು ಬರದಿರುವುದಕ್ಕೆ ಹೆಚ್ಚು ಹೆದರುತ್ತೇನೆ.

2024ರ ಜನವರಿಯಲ್ಲಿ ಎಳ್ಳಮಾವಾಸ್ಯೆಗೆ ಔರಾದಿಗೆ ಹೋದೆ. ಹೊಲದಲ್ಲಿ ಚರಗ ಚೆಲ್ಲಿ, ಆಪಾ ಅವರ ಮನೆಯವರೂ ನಾವೂ ಒಟ್ಟಿಗೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡೆವು. ಬಿಸಿಲಿಗೆ ಮುಖ ಎತ್ತಿದ ಆಪಾ ಅವರನ್ನು ನೋಡಿ ಅವ್ವ ಥಟ್ಟನೆ, “ನಿನ್ನ ಹುಬ್ಬಿಗಿ ಏನಾಗ್ಯದ?” ಎಂದಳು. ನಾನು ತಟ್ಟೆಯತ್ತ ತಲೆ ಬಗ್ಗಿಸಿದೆ. “ಬಾಗ್ಲ ಬಡೀತು” ಎಂದರು ಆಪಾ. “ಯಾರ ಮನಿದು?” “ನಿಮ್ದೇ. ಕತ್ಲದಾಗ ಬಂದಿದ್ದೆ, ಚಹಾ ತಗೊಂಡು.” ಅವ್ವ ಅಂಬಲಿ ಕೆಳಗಿಟ್ಟು ಅವರ ಹುಬ್ಬನ್ನು ಹೆಬ್ಬೆರಳಿಂದ ಸವರಿದಳು, ಏನೂ ಅನ್ನಲಿಲ್ಲ.

ಮರುದಿನ ಐದಕ್ಕೆ ಎಚ್ಚರಾಯಿತು. ಅವ್ವ ಕತ್ತಲಲ್ಲಿ ಏನನ್ನೋ ಉರುಳಿಸಿಕೊಂಡು ಹೋಗುತ್ತಿದ್ದ ಸದ್ದು. ಎದ್ದು ನೋಡಿದೆ. ಎರಡೂ ಕದಗಳನ್ನು ಪೂರ್ತಿ ತೆರೆದು, ಗಾಳಿಗೆ ಬಡಿಯದ ಹಾಗೆ ಒಂದೊಂದಕ್ಕೂ ಒಂದು ಗುಂಡುಕಲ್ಲು ಆನಿಸಿ, ಲಾಟೀನು ಹೊಸ್ತಿಲ ಮೇಲಿಟ್ಟು, ಅವಳು ಕಟ್ಟೆಯ ಮೇಲೆ ಕೂತಿದ್ದಳು.